ಗುಣವಾಗದವನ ಉಸಿರಿಗೆ ಆಸರೆ ಕೊಡುವದು ವ್ಯರ್ಥವೋ?



ನಮ್ಮ ಬೀದರ, ಭಾಲ್ಕಿ, ಔರಾದ ಸೀಮೆಯಲ್ಲಿ ರೋಗಿಯನ್ನು ನೋಡಹೋದವರು ಅಂಗಳವನ್ನು ದಾಟುವದಕ್ಕೆ ಮೊದಲೇ ಒಂದು ಮಾತನ್ನು ಆಡುವದುಂಟು. "ಗುಣವಾಗುವ ರೋಗವಲ್ಲ, ಇಷ್ಟೆಲ್ಲಾ ಮಾಡಿ ಏನು ಪ್ರಯೋಜನ?" ಎಂಬದೇ ಆ ಮಾತು. ಅದನ್ನು ಆಡುವವರು ಕೆಟ್ಟ ಮನಸ್ಸಿನಿಂದ ಆಡುವದಿಲ್ಲ, ಮನೆಯವರ ಕಷ್ಟವನ್ನು ಕಂಡು ಮರುಗಿಯೇ ಆಡುತ್ತಾರೆ. ಆದರೂ ಗೋಡೆಯ ಆಚೆ ಮಲಗಿರುವವನ ಕಿವಿಗೆ ಅದು ಬೀಳುವದು. ಬಿದ್ದ ಮಾತು ಒಳಗೆ ಹೊಕ್ಕು ರೋಗಕ್ಕಿಂತ ಬೇಗನೆ ಅವನನ್ನು ಕುಗ್ಗಿಸುವದು. ಆದಕಾರಣ ಈ ಪ್ರಶ್ನೆಗೆ ಸರಿಯಾದ ಉತ್ತರವೇನೆಂದು ವಿಚಾರಿಸುವದು ನಮಗೆ ಯೋಗ್ಯವಾಗಿದೆ. ಬರೀ ನೀತಿವಾಕ್ಯಗಳಿಂದ ವಿಚಾರಿಸಿದರೆ ಫಲವಿಲ್ಲದ್ದರಿಂದ, ಒಂದೇ ರೋಗವನ್ನೂ ಅದರಲ್ಲಿ ಕೊಡುವ ಒಂದೇ ಸಹಾಯವನ್ನೂ ಎದುರಿಗಿಟ್ಟುಕೊಂಡು ಮಾತಾಡುವೆವು.

ಆ ರೋಗದ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಇದು ಅಂಟುರೋಗವಲ್ಲ, ಹುಟ್ಟಿನಿಂದಲೇ ಬರುವಂಥಾದ್ದು. 1938ರಲ್ಲಿ ಅಮೆರಿಕದ ಡೊರೊಥಿ ಆಂಡರ್ಸನ್ ಎಂಬ ವೈದ್ಯೆ ಇದನ್ನು ಬೇರೆಯಾದ ಒಂದು ರೋಗವೆಂದು ವಿಂಗಡಿಸಿ ಬರೆದರು. ಇದಕ್ಕೆ ಕಾರಣವಾದ ಜೀನನ್ನು 1989ರಲ್ಲಿ ಕಂಡುಹಿಡಿದರು. ನಮ್ಮ ದೇಹದ ಕಣಗಳಲ್ಲಿ ಉಪ್ಪು ಒಳಗೆ ಹೊರಗೆ ಹೋಗುವದಕ್ಕೆ ಒಂದು ಸಣ್ಣ ಬಾಗಿಲುಂಟು. ಆ ಬಾಗಿಲು ಕೆಟ್ಟಿರುವ ಮಕ್ಕಳ ಬೆವರು ಬಹಳ ಉಪ್ಪಾಗಿರುವದು; ತಾಯಿಯು ಹಣೆಗೆ ಮುದ್ದಿಟ್ಟರೆ ತುಟಿಗೆ ಉಪ್ಪು ಹತ್ತುವದು. ಬೆವರಿನ ಉಪ್ಪನ್ನು ಅಳೆದೇ ವೈದ್ಯರು ರೋಗವನ್ನು ಗೊತ್ತುಮಾಡುತ್ತಾರೆ. ನಮ್ಮ ಕಡೆಯ ಬೇಸಿಗೆಯಲ್ಲಿ ಇಂಥವರು ಉಪ್ಪು ಕಳಕೊಂಡು ಬೇಗನೆ ನಿತ್ರಾಣರಾಗುವರು.

ಇದು ಯಾರ ಪಾಪದ ಫಲವೆಂದು ಕೇಳುವದು ಸಲ್ಲದು. ತಂದೆತಾಯಿಗಳಿಬ್ಬರೂ ಆರೋಗ್ಯವಂತರಾಗಿದ್ದೇ ಆ ಕೆಟ್ಟ ಜೀನಿನ ಒಂದೊಂದು ಪಾಲನ್ನು ಹೊತ್ತಿದ್ದರೆ, ಪ್ರತಿಯೊಂದು ಬಸುರಿನಲ್ಲಿಯೂ 4ರಲ್ಲಿ 1 ಪಾಲಿನಷ್ಟು ರೋಗದ ಸಂಭವವುಂಟು. ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ತಂದುಕೊಳ್ಳುವ ಕುಲಗಳಲ್ಲಿ ಈ ಸಂಭವ ಹೆಚ್ಚಾಗುವದು. ಆದರೆ ಪಾಲು ಇಬ್ಬರದಾಗಿರುವಲ್ಲಿ ಸೊಸೆಯೊಬ್ಬಳನ್ನೇ ದೂರುವದು ಅನ್ಯಾಯವೇ ಸರಿ.

ಬೀದರ ಪಟ್ಟಣದ ಹತ್ತಿರ ನೌಬಾದಿನಲ್ಲಿ ಬಹಮನಿ ಅರಸರ ಕಾಲದ ಸುರಂಗ ಬಾವಿಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಜಂಬಿಟ್ಟಿಗೆ ಕಲ್ಲನ್ನು ಕೊರೆದು ನೆಲದೊಳಗೆ ನೀರಿಗೆ ದಾರಿ ಮಾಡಿ, ನಡುನಡುವೆ ಗಾಳಿಬೆಳಕಿಗೆ ಬಾವಿಯಂಥ ಕಂಡಿಗಳನ್ನು ಇಟ್ಟಿದ್ದಾರೆ. ಕಾಲಾಂತರದಲ್ಲಿ ಹೂಳು ತುಂಬಿ ದಾರಿ ಕಟ್ಟಿತು. ನೆಲದಲ್ಲಿ ನೀರಿದ್ದರೂ ಹರಿಯುವದಕ್ಕೆ ಎಡೆಯಿರಲಿಲ್ಲ. ಈ ರೋಗಿಯ ಶ್ವಾಸಕೋಶದಲ್ಲಿ ಆಗುವದೂ ಇದೇ. ಕಫವು ಅಂಟಿನ ಹಾಗೆ ಗಟ್ಟಿಯಾಗಿ ಉಸಿರಿನ ಕೊಳವೆಗಳನ್ನು ಕಟ್ಟುವದು. ಅದರಲ್ಲಿ ರೋಗಾಣುಗಳು ಬೀಡುಬಿಡುವವು. ವರುಷ ವರುಷಕ್ಕೆ ಕೊಳವೆಗಳು ಹಿಗ್ಗಿ ಹರಿದು ಕಲೆಗಟ್ಟುವವು. ಸುತ್ತಲೂ ಗಾಳಿಯಿದ್ದರೂ ಅವನಿಗೆ ಉಸಿರಿಲ್ಲ.

ಹಿಂದೆ ಇಂಥ ಮಕ್ಕಳು ಎಳೆತನದಲ್ಲಿಯೇ ತೀರಿಹೋಗುತ್ತಿದ್ದರು. ಈಗ ಒಳ್ಳೇ ಆಹಾರ, ರೋಗಾಣುಗಳನ್ನು ಕೊಲ್ಲುವ ಔಷಧಗಳು, ದಿನಾಲು ಬೆನ್ನುತಟ್ಟಿ ಕಫ ತೆಗೆಯುವ ಉಪಾಯ ಇವುಗಳಿಂದ ಅನೇಕರು ಪ್ರಾಯಕ್ಕೆ ಬರುತ್ತಾರೆ. ಇದು ಬಿಳಿಯರ ರೋಗವೆಂಬ ಎಣಿಕೆಯೂ ಸುಳ್ಳಾಗಿ, 1960ರ ದಶಕದಿಂದ ನಮ್ಮ ದೇಶದಲ್ಲಿಯೂ ಕಂಡುಬಂದಿದೆ. ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿಯೂ ದಿಲ್ಲಿಯ ಏಮ್ಸಿನಲ್ಲಿಯೂ ಇಂಥವರನ್ನು ನೋಡುವ ವೈದ್ಯರಿದ್ದಾರೆ. ಆದರೂ ಕೆಮ್ಮಿ ಕೆಮ್ಮಿ ಸೊರಗುವವನನ್ನು ಕಂಡೊಡನೆ ಕ್ಷಯವೆಂದೋ ದಮ್ಮೆಂದೋ ತಿಳಿಯುವದೇ ಹೆಚ್ಚು. ಅಲ್ಲದೆ ಕ್ಷಯ ವಾಸಿಯಾದ ಮೇಲೆ ಶ್ವಾಸಕೋಶ ಕಲೆಗಟ್ಟಿದವರೂ, ಒಲೆಯ ಹೊಗೆ ಕುಡಿದು ದಮ್ಮು ಹತ್ತಿದ ತಾಯಂದಿರೂ ಕಡೆಯಲ್ಲಿ ಬಂದು ನಿಲ್ಲುವದು ಇದೇ ಇಕ್ಕಟ್ಟಿನಲ್ಲಿಯೇ. ಆದ್ದರಿಂದ ಇಲ್ಲಿ ಹೇಳುವ ಮಾತು ಒಂದು ಅಪರೂಪದ ರೋಗಕ್ಕೆ ಮಾತ್ರ ಸೇರಿದ್ದೆಂದು ಯಾರೂ ತಿಳಿಯಬಾರದು.

ಆ ಇಕ್ಕಟ್ಟು ಯಾವದಂದರೆ, ರೋಗ ಬಲಿತ ಮೇಲೆ ರಕ್ತದಲ್ಲಿ ಆಮ್ಲಜನಕವು ಇಳಿಯುವದು. ಹೊರಗೆ ಬಿಡಬೇಕಾದ ಇಂಗಾಲದ ಕೆಟ್ಟ ಗಾಳಿಯು ಒಳಗೇ ಉಳಿಯುವದು. ನಿದ್ರೆಯಲ್ಲಿ ಎಲ್ಲರ ಉಸಿರೂ ಮೆಲ್ಲಗಾಗುವದರಿಂದ ರಾತ್ರಿಯಲ್ಲಿಯೇ ಈ ಕೇಡು ಹೆಚ್ಚು. ಬೆಳಿಗ್ಗೆ ತಲೆನೋವು, ಹಗಲೆಲ್ಲಾ ಮಂಪರು, ನಾಲ್ಕು ಹೆಜ್ಜೆಗೆ ಏದುಸಿರು ಕಾಣುವವು. ನಾವು ನೆನಸದೆಯೇ ಎಳೆದು ಬಿಡುವ ಉಸಿರನ್ನು ಅವನು ಕಲ್ಲು ಹೊತ್ತಂತೆ ಎಳೆಯುವನು. ಉಂಡದ್ದರ ಬಲವೆಲ್ಲಾ ಉಸಿರೆಳೆಯುವದರಲ್ಲಿಯೇ ತೀರುವದು.

ಇದಕ್ಕೆ ಎರಡು ಸಹಾಯಗಳುಂಟು. ಮೊದಲನೆಯದು ಆಮ್ಲಜನಕ. ನಮ್ಮ ಸುತ್ತಲಿನ ಗಾಳಿಯಲ್ಲಿ ಅದು ನೂರಕ್ಕೆ 21 ಪಾಲು ಮಾತ್ರ. ಕಾನ್ಸನ್ಟ್ರೇಟರ್ ಎಂಬ ಯಂತ್ರವು ಅದೇ ಗಾಳಿಯನ್ನು ಸೋಸಿ ನೂರಕ್ಕೆ 90ರ ಸುಮಾರಿಗೆ ಏರಿಸಿ ಕೊಳವೆಯಿಂದ ಮೂಗಿಗೆ ಕೊಡುವದು. ಎರಡನೆಯದು ಬೈಪ್ಯಾಪ್ ಎಂಬ ಚಿಕ್ಕ ಯಂತ್ರ. ಮೂಗುಬಾಯಿಗೆ ಮಾಸ್ಕನ್ನು ಕಟ್ಟಿಕೊಂಡು ಮಲಗಿದವನು ಉಸಿರೆಳೆಯುವಾಗ ಅದು ಗಾಳಿಯನ್ನು ಒತ್ತಿ ಕೊಡುವದು, ಬಿಡುವಾಗ ಒತ್ತುವದನ್ನು ಕಡಿಮೆಮಾಡುವದು. ದಣಿದ ಎತ್ತಿನ ಗಾಡಿಯನ್ನು ಏರಿನಲ್ಲಿ ಹಿಂದಿನಿಂದ ನೂಕಿಕೊಟ್ಟಂತೆ. ಇದು ಗಂಟಲಿಗೆ ಕೊಳವೆಯಿಳಿಸುವ ದೊಡ್ಡ ವೆಂಟಿಲೇಟರ್ ಅಲ್ಲ. "ಮಾಸ್ಕು ಹಾಕಿದರೆ ಮುಗಿಯಿತು, ಮತ್ತೆ ತೆಗೆಯುವ ಹಾಗಿಲ್ಲ" ಎಂದು ಹೆದರಿ ಬೇಡವೆನ್ನುವವರಿದ್ದಾರೆ. ಹಾಗಲ್ಲ. ರಾತ್ರಿ ಹಾಕಿಕೊಂಡು ಬೆಳಿಗ್ಗೆ ತೆಗೆದಿಟ್ಟು ರೊಟ್ಟಿ ತಿಂದು ಮಾತಾಡಿ ಓದಿಕೊಂಡಿರುವವರು ಅನೇಕರು. ಆದರೆ ಯಾರಿಗೆ ಯಾವದು, ಎಷ್ಟು ಎಂಬದನ್ನು ವೈದ್ಯರೇ ರಕ್ತವನ್ನು ಪರೀಕ್ಷಿಸಿ ಗೊತ್ತುಮಾಡಬೇಕು. ಯಾಕಂದರೆ ಕೆಟ್ಟ ಗಾಳಿ ಒಳಗೆ ನಿಂತವನಿಗೆ ಆಮ್ಲಜನಕವನ್ನು ಮಾತ್ರ ಹೆಚ್ಚಾಗಿ ಕೊಟ್ಟರೆ ಕೇಡು ಬಲಿಯಬಹುದು.

ಇನ್ನು ಸತ್ಯವನ್ನು ಮರೆಮಾಡದೆ ಹೇಳಬೇಕು. ಈ ಯಂತ್ರವು ರೋಗವನ್ನು ಗುಣಪಡಿಸುವದಿಲ್ಲ. 1991ರಲ್ಲಿ ಲಂಡನ್ನಿನ ವೈದ್ಯರು, ಬೇರೆ ಶ್ವಾಸಕೋಶವನ್ನು ಕೂಡಿಸುವ ಶಸ್ತ್ರಕ್ರಿಯೆಯ ತನಕ ರೋಗಿಯನ್ನು ದಾಟಿಸುವ ಸೇತುವೆಯೆಂದು ಇದನ್ನು ಉಪಯೋಗಿಸಿ ಬರೆದರು. ಆ ಮೇಲೆ ನಡೆದ ಪರೀಕ್ಷೆಗಳು ಚಿಕ್ಕವು. ಆಮ್ಲಜನಕವನ್ನಷ್ಟೇ ಕೊಡುವದಕ್ಕಿಂತ ಇದನ್ನೂ ಕೂಡಿಸಿ ಕೊಟ್ಟರೆ ನಿದ್ರೆಯಲ್ಲಿ ಉಸಿರಾಟ ಸುಧಾರಿಸುವದೆಂದೂ, ಕಫ ತೆಗೆಯುವ ಶ್ರಮ ಹಗುರಾಗುವದೆಂದೂ ಅವುಗಳಿಂದ ತಿಳಿದುಬಂತು. ಆಯುಸ್ಸು ಹೆಚ್ಚುವದೆಂದು ಮಾತ್ರ ಸ್ಥಿರಪಟ್ಟಿಲ್ಲ. 2019ರಲ್ಲಿ ಅಮೆರಿಕದಲ್ಲಿ ಟ್ರೈಕಾಫ್ಟ ಎಂಬ ಔಷಧಕ್ಕೆ ಅಪ್ಪಣೆಯಾಗಿ, ಆ ದೇಶಗಳಲ್ಲಿ ಎಷ್ಟೋ ಪ್ರಾಯಸ್ಥರು ಯಂತ್ರವನ್ನೂ ಶಸ್ತ್ರಕ್ರಿಯೆಯನ್ನೂ ಬಿಟ್ಟು ಎದ್ದು ನಡೆದರು. ಆದರೆ ಅಪ್ಪಣೆಯಾದಾಗ ಅದರ ಬೆಲೆ ಅಲ್ಲಿ ವರುಷಕ್ಕೆ ಸುಮಾರು 3 ಲಕ್ಷ ಡಾಲರಾಗಿತ್ತು. ಅಲ್ಲದೆ ಅದು ಮುಖ್ಯವಾಗಿ ಯಾವ ಬಗೆಯ ಜೀನ್ ದೋಷಕ್ಕೆ ಹತ್ತುವದೋ ಆ ದೋಷವು ಯೂರೋಪಿನವರಿಗಿಂತ ನಮ್ಮವರಲ್ಲಿ ಕಡಿಮೆ. ಆದದರಿಂದ ನಮ್ಮ ಹಳ್ಳಿಯ ರೋಗಿಗೆ ಕಡೇ ಆಸರೆಯಾಗಿ ಉಳಿಯುವದು ಈ ರಾತ್ರಿಯ ಯಂತ್ರವೇ.

ಹೀಗಿರಲಾಗಿ ಅಂಗಳದ ಪ್ರಶ್ನೆಯು ಬಲವಾಗಿಯೇ ಎದ್ದು ನಿಲ್ಲುವದು. ಗುಣಮಾಡದ, ಆಯುಸ್ಸನ್ನು ಹೆಚ್ಚಿಸುವದೆಂಬ ಭರವಸವನ್ನೂ ಕೊಡದ ಸಹಾಯಕ್ಕಾಗಿ ಬಡವರು ಯಾಕೆ ವ್ಯಯಮಾಡಬೇಕು?

ಮೊದಲು, "ಯಂತ್ರದ ಉಸಿರು ಉಸಿರೇ ಅಲ್ಲ, ಅದು ಎರವಲು" ಎಂಬುವರಿಗೆ ಉತ್ತರ ಹೇಳುವೆವು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಪಟ್ಟಣದಲ್ಲಿ ಪೋಲಿಯೋ ಮಾರಿ ಹರಡಿ, ಉಸಿರಿನ ಸ್ನಾಯುಗಳು ಬಿದ್ದುಹೋದ ರೋಗಿಗಳು ಆಸ್ಪತ್ರೆಯನ್ನು ತುಂಬಿದರು. ಮೊದಲಲ್ಲಿ ಬಂದ ಇಂಥ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಗಂಟಲಿಗೆ ಕೊಳವೆಯನ್ನಿಟ್ಟು ಒಂದು ರಬ್ಬರಿನ ಚೀಲವನ್ನು ಕೈಯಿಂದ ಹಿಚುಕಿ ಗಾಳಿ ತುಂಬುವ ಕ್ರಮವನ್ನು ತೋರಿಸಿದರು. ಸಾಕಷ್ಟು ಯಂತ್ರಗಳಿರಲಿಲ್ಲ. ಸುಮಾರು 1500 ಮಂದಿ ವೈದ್ಯವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು, ಹಗಲೂ ರಾತ್ರಿಯೂ, ತಿಂಗಳುಗಟ್ಟಲೆ ಆ ಚೀಲಗಳನ್ನು ಹಿಚುಕಿದರು; ಸಾವು ಬಹಳವಾಗಿ ಇಳಿಯಿತು. ಆ ಮಕ್ಕಳ ಉಸಿರು ಯಾರದು? ಮಗುವಿನದೋ, ಹಿಚುಕಿದ ಕೈಯದೋ? ನಾವಾದರೋ ನಮ್ಮ ಉಸಿರನ್ನು ನಾವೇ ಮಾಡಿಕೊಂಡೆವೆಂದು ಹೇಳಬಲ್ಲೆವೋ? ಆದಿಯಲ್ಲಿ ಮಣ್ಣಿನ ಮನುಷ್ಯನ ಮೂಗಿಗೆ ಉಸಿರು ಹೊರಗಿನಿಂದಲೇ ಬಂತೆಂದು ನಾವು ಓದುತ್ತೇವಲ್ಲವೇ? ಹುಟ್ಟುವದಕ್ಕೆ ಮೊದಲು ತಾಯಿಯ ರಕ್ತದಿಂದ ಉಸಿರಾಡಿದೆವು. ಹುಟ್ಟಿದಾಗ ಸೂಲಗಿತ್ತಿಯು ಬೆನ್ನು ತಟ್ಟಿದಳು. ಎರವಲಾಗಿ ಬಂದದ್ದು ಕಡಿಮೆಯಾದದ್ದೆಂದರೆ ನಮ್ಮೆಲ್ಲರ ಬದುಕೂ ಕಡಿಮೆಯಾದದ್ದೇ.

ಎರಡನೆಯದಾಗಿ, "ಗುಣವಾಗದ ಮೇಲೆ ಶ್ರಮ ಯಾಕೆ" ಎಂಬ ಮಾತು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ದಾದಿಯಾಗಿ ಹೋದ ಅರುಣಾ ಶಾನಭಾಗ ಎಂಬ ಸ್ತ್ರೀಯು 1973ರಲ್ಲಿ ತಾನು ಕೆಲಸಮಾಡುತ್ತಿದ್ದ ಕೆ.ಇ.ಎಂ. ಆಸ್ಪತ್ರೆಯಲ್ಲಿಯೇ ದುಷ್ಟನೊಬ್ಬನ ಕೈಗೆ ಸಿಕ್ಕಿ, ಬುದ್ಧಿಯೂ ಮಾತೂ ಅಡಗಿ ಹಾಸಿಗೆ ಹಿಡಿದಳು. ಅವಳು ಗುಣವಾಗುವಳೆಂಬ ನಿರೀಕ್ಷೆ ಇರಲಿಲ್ಲ. ಆದರೂ ಆ ಆಸ್ಪತ್ರೆಯ ದಾದಿಯರು ತಲೆಮಾರು ಬದಲಾದರೂ ಬಿಡದೆ, 2015ರ ಮೇ 18ರಂದು ಅವಳು ತೀರಿಕೊಳ್ಳುವ ವರೆಗೆ, 41 ವರುಷಗಳಿಗೂ ಮಿಕ್ಕಿ ಅವಳಿಗೆ ಉಣಿಸಿ ಮೀಯಿಸಿ ಮಗ್ಗುಲು ಬದಲಿಸಿ ನೋಡಿಕೊಂಡರು. ಅವಳ ಬದುಕನ್ನು ಮುಗಿಸಬೇಕೆಂಬ ಅರ್ಜಿ ಬಂದಾಗ 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪದೆ, ನೋಡಿಕೊಂಡವರ ಮಾತಿಗೆ ಬೆಲೆ ಕೊಟ್ಟಿತು. ಆ ಸೇವೆಯು ಫಲವಿಲ್ಲದ್ದೆಂದು ಯಾರು ಹೇಳುವರು? ಕುರೇನ್ಯದ ಸೀಮೋನನ ಸಂಗತಿಯನ್ನೂ ನೆನಸಿರಿ. ಅವನು ಶಿಲುಬೆಯನ್ನು ಹೊತ್ತದ್ದರಿಂದ ಮರಣವು ತಪ್ಪಲಿಲ್ಲ, ಒಂದು ಗಳಿಗೆ ಮುಂದಕ್ಕೂ ಹೋಗಲಿಲ್ಲ. ದಾರಿಯ ಭಾರವು ಮಾತ್ರ ಒಂದಿಷ್ಟು ಹೊತ್ತು ಬೇರೆ ಹೆಗಲಿಗೆ ಬಂತು. ಅಷ್ಟಕ್ಕೇ ಅವನ ಹೆಸರು ಅಳಿಯದೆ ಉಳಿದದೆ.

ಇದರಿಂದ ನಾವು ತಿಳಿಯಬೇಕಾದದ್ದೇನಂದರೆ, ಭಾರವನ್ನು ಇಳಿಸುವದು ತಾನೇ ಒಂದು ಒಳ್ಳೇದು. ಅದು ಮತ್ತೊಂದು ಫಲವನ್ನು ತೋರಿಸಿ ತನ್ನನ್ನು ಸಮರ್ಥಿಸಿಕೊಳ್ಳಬೇಕಾಗಿಲ್ಲ. ಸುಗ್ಗಿಯಲ್ಲಿ ದಣಿದವನಿಗೆ ನೀರು ಕೊಡುವಾಗ, ಇವನು ನಾಳೆಯೂ ದಣಿಯುವನಲ್ಲಾ ಎಂದು ಚೆಂಬನ್ನು ಹಿಂದಕ್ಕೆ ತೆಗೆಯುತ್ತೇವೋ? ರಾತ್ರಿಯೆಲ್ಲಾ ಕೂತು ಏದುಸಿರು ಬಿಡುತ್ತಿದ್ದವನು ಆರು ತಾಸು ನಿದ್ರೆಮಾಡಿ ಎದ್ದರೆ ಆ ಆರು ತಾಸು ಸುಳ್ಳಲ್ಲ.

ಮೂರನೆಯದಾಗಿ ವ್ಯಯದ ಮಾತು. ಇದನ್ನು ಹಗುರವಾಗಿ ತಳ್ಳಿಬಿಡುವವರು ಬಡತನವನ್ನು ಅರಿಯದವರು. ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ ಎರಡೆಕರೆ ತೊಗರಿಯ ಹೊಲವಿರುವ ಮನೆಯನ್ನು ಭಾವಿಸಿರಿ. ಮಗನಿಗೆ ಯಂತ್ರ ಬೇಕು, ಮಗಳ ಮದುವೆ ಮುಂದಿದೆ. ಬೀದರಿನ ದವಾಖಾನೆಗೆ 40 ಕಿಲೋಮೀಟರಿನ ಸುಮಾರು. ಅಲ್ಲಿ ಸಾಲದಿದ್ದರೆ ಹೈದರಾಬಾದು. ನಿಮಿಷಕ್ಕೆ 5 ಲೀಟರು ಕೊಡುವ ಕಾನ್ಸನ್ಟ್ರೇಟರಿಗೆ 350 ವಾಟಿನಷ್ಟು ಕರೆಂಟು ಹಿಡಿಯುವದು. ರಾತ್ರಿ 10 ತಾಸು ನಡಿಸಿದರೆ ಮೂರೂವರೆ ಯುನಿಟ್, ತಿಂಗಳಿಗೆ 105. ಹಗಲೂ ರಾತ್ರಿಯೂ ನಡಿಸಿದರೆ 252. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ಮನೆಯು ಹಿಂದೆ ಉರಿಸಿದ ಸರಾಸರಿಯ ಮೇಲೆ ಸ್ವಲ್ಪ ಕೂಡಿಸಿ ಕರೆಂಟು ಪುಕ್ಕಟೆ. 200 ಯುನಿಟ್ ದಾಟಿದರೆ ಅದೂ ಇಲ್ಲ. ಎರಡು ದೀಪ ಒಂದು ಫ್ಯಾನು ಉರಿಸುತ್ತಿದ್ದ ಬಡವನ ಸರಾಸರಿಯಲ್ಲಿ ಉಸಿರಿನ ಯುನಿಟ್ ಸೇರಿರುವದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಇನ್ವರ್ಟರಿನ ಬ್ಯಾಟರಿ ಕೆಲವೇ ತಾಸು ನಿಲ್ಲುವದು.

ಇಂಥ ಮನೆಗೆ "ಹೊಲ ಮಾರು" ಎಂದು ನಾವು ಬೋಧಿಸೆವು. ಒಬ್ಬನ ಉಸಿರಿಗಾಗಿ ಉಳಿದವರ ಅನ್ನವನ್ನು ಕಳೆಯಬೇಕೆಂಬ ಧರ್ಮ ಎಲ್ಲಿಯೂ ಇಲ್ಲ. ಆದರೆ ಲೆಕ್ಕವನ್ನು ಆ ಒಂದು ಮನೆಯ ಗೋಡೆಯೊಳಗೇ ಮಾಡಬೇಕೆಂದು ಹೇಳಿದವರು ಯಾರು? 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಒಂದೇ ದಿನದ ಅವಧಿಯಲ್ಲಿ ತೀರಿಕೊಂಡಾಗ, ಆಮ್ಲಜನಕದ ಕೊರತೆಯ ಸುದ್ದಿ ಕೇಳಿ ರಾಜ್ಯವೆಲ್ಲಾ ತಲ್ಲಣಿಸಿತು. ಆಗ ಉಸಿರು ಎಲ್ಲರ ಚಿಂತೆಯಾಗಿತ್ತು. ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಸ್ಪತ್ರೆಗಳಿಗೆ ಆಮ್ಲಜನಕ ಹೋಯಿತು. ಊರೂರಲ್ಲಿ ಜನರು ಸಿಲಿಂಡರ್ ಹೊತ್ತು ಓಡಾಡಿದರು. ಏನು ಪ್ರಯೋಜನವೆಂದು ಯಾರೂ ಕೇಳಲಿಲ್ಲ. ಸಾವಿರಾರು ಮಂದಿಗೆ ಒಟ್ಟಿಗೆ ಉಸಿರು ಕಟ್ಟಿದಾಗ ಅದು ಊರಿನ ಹೊರೆ. ಒಬ್ಬನಿಗೆ ದಿನಾಲು ಕಟ್ಟಿದರೆ ಅವನ ಮನೆಯ ಹೊರೆ ಮಾತ್ರವೋ?

ಆದಕಾರಣ ನಮ್ಮ ತೀರ್ಮಾನವಿದು. "ಏನು ಪ್ರಯೋಜನ" ಎಂದು ಕೇಳುವ ಹಕ್ಕು ಹೊರೆಗೆ ಹೆಗಲು ಕೊಟ್ಟವನಿಗೆ ಉಂಟು, ದಾರಿಯಲ್ಲಿ ನಿಂತು ನೋಡುವವನಿಗೆ ಇಲ್ಲ. ತಾಯಿ ಕೇಳಲಿ, ಅವಳು ನಿದ್ರೆಗೆಟ್ಟಿದ್ದಾಳೆ. ಅಣ್ಣ ಕೇಳಲಿ, ಅವನು ಸಾಲ ಮಾಡಿದ್ದಾನೆ. ಎಲ್ಲರಿಗಿಂತ ಮೊದಲು ರೋಗಿಯೇ ಕೇಳಲಿ.

ಯಾಕಂದರೆ ಕಡೇ ಮಾತು ಅವನದು. ಅರುಣಾ ಮಾತಾಡಲಾರಳಾಗಿದ್ದಳು, ಈ ರೋಗಿಯು ಮಾತಾಡಬಲ್ಲನು. ಮಾಸ್ಕು ಮೂಗಿನ ಮೇಲೆ ಹುಣ್ಣು ಮಾಡುವದು, ಬಾಯಿ ಒಣಗಿಸುವದು. ಕೆಲವರಿಗೆ ಕತ್ತು ಹಿಚುಕಿದಂತಾಗುವದು. ರೋಗ ಕೊನೆಗೆ ಮುಟ್ಟಿದಾಗ ಒಬ್ಬನು ತಿಳಿದು ತಿಳಿದು "ಇನ್ನು ಸಾಕು" ಎಂದರೆ ಅದು ಆತ್ಮಹತ್ಯವಲ್ಲ. ಕೊಲ್ಲುವದು ರೋಗವೇ ಹೊರತು ಅವನ ಕೈಯಲ್ಲ. ಪ್ರಾಯಸ್ಥನಾಗಿ ಬುದ್ಧಿ ಸ್ವಸ್ಥವಾಗಿರುವವನು ಚಿಕಿತ್ಸೆಯನ್ನು ಬೇಡವೆನ್ನಬಹುದೆಂದು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ತೀರ್ಪು ಕೊಟ್ಟು, ಮಾತು ನಿಲ್ಲುವದಕ್ಕೆ ಮೊದಲೇ ತನ್ನ ಇಚ್ಛೆಯನ್ನು ಬರೆದಿಡುವದಕ್ಕೂ ದಾರಿ ತೋರಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವು ಅದನ್ನು ನಡಿಸುವದಕ್ಕೆ ಆಜ್ಞೆ ಹೊರಡಿಸಿತು. ಮಾಸ್ಕನ್ನು ತೆಗೆದರೆ ರೋಗಿಯನ್ನು ಬಿಟ್ಟಂತಾಗಬಾರದು. ಉಸಿರಿನ ತಳಮಳವನ್ನು ಅಡಗಿಸುವ ಔಷಧವುಂಟು, ಅದನ್ನು ವೈದ್ಯರಿಂದ ಕೇಳಿ ಪಡೆಯಬೇಕು.

ಆದರೆ ಇಲ್ಲಿಯೇ ಬಹಳ ಎಚ್ಚರಿಕೆ ಬೇಕಾಗಿದೆ. ರೋಗಿಯು "ಬೇಡ" ಎಂದಾಗ ಆ ಮಾತು ಎಲ್ಲಿಂದ ಬಂತೆಂದು ವಿಚಾರಿಸಬೇಕು. ರೋಗದ ದಣಿವಿನಿಂದ ಬಂದದ್ದೋ, ತಿಳುವಳಿಕೆಯಿಂದ ಬಂದದ್ದೋ, ಇಲ್ಲವೆ ಅಂಗಳದಲ್ಲಿ ನಾವು ಆಡಿದ್ದನ್ನೇ ಅವನು ಹಿಂದಕ್ಕೆ ಆಡುತ್ತಿದ್ದಾನೋ? ತಾನು ಮನೆಗೆ ಭಾರವಾದೆನೆಂಬ ನಾಚಿಕೆಯಿಂದ ಬೇಡವೆನ್ನುವವನು ಸ್ವತಂತ್ರನಾಗಿ ಬೇಡವೆನ್ನಲಿಲ್ಲ. ನಾವೇ ಅವನ ಬಾಯಿಂದ ಅನ್ನಿಸಿದೆವು. ಬೇಕೆನ್ನುವದಕ್ಕೆ ಎಡೆಯಿದ್ದಲ್ಲಿ ಮಾತ್ರ ಬೇಡವೆಂಬದು ಅವನ ಸ್ವಂತ ಮಾತಾಗುವದು. ಆ ಎಡೆಯನ್ನು ಮಾಡಿಕೊಡುವದು ನೆರೆಹೊರೆಯವರ ಕೆಲಸ.

ಅದು ದೊಡ್ಡ ಕೆಲಸವೂ ಅಲ್ಲ. ಒಂದು ಮನೆಯಲ್ಲಿ ಇನ್ವರ್ಟರ್ ಇದ್ದರೆ ಕರೆಂಟು ಹೋದ ರಾತ್ರಿ ಅದು ರೋಗಿಯ ಮನೆಗೆ ಹೋಗಲಿ. ಹತ್ತು ಮನೆಗಳು ಕೂಡಿದರೆ ತಿಂಗಳ 105 ಯುನಿಟ್ಟಿನ ಬಿಲ್ಲು ಒಂದು ಮನೆಗೆ ಹತ್ತೂವರೆ ಯುನಿಟ್ಟಿನದಾಗುವದು. ಮಾರಿಯ ವರುಷದಲ್ಲಿ ಬಂದ ಯಂತ್ರಗಳು ಸುಮ್ಮನೆ ಬಿದ್ದಿದ್ದರೆ ಎರವಲು ಸಿಕ್ಕೀತೋ ಎಂದು ಔರಾದ, ಭಾಲ್ಕಿಯ ತಾಲೂಕು ದವಾಖಾನೆಗಳಲ್ಲಿ ಓದುಬರಹ ಬಲ್ಲವನೊಬ್ಬನು ಹೋಗಿ ವಿಚಾರಿಸಲಿ. ಅಪರೂಪದ ರೋಗಗಳಿಗಾಗಿ ಕೇಂದ್ರ ಸರಕಾರವು 2021ರಲ್ಲಿ ಮಾಡಿದ ಧೋರಣೆಯ ಪ್ರಕಾರ ಸಹಾಯಕ್ಕೆ ಅರ್ಜಿ ಬರೆದುಕೊಡಲಿ. ಮಾಸ್ಕು ತೊಳೆಯುವದನ್ನೂ ಬೆನ್ನು ತಟ್ಟುವದನ್ನೂ ಕಲಿತ ಇನ್ನೊಂದು ಜೋಡಿ ಕೈಯಿದ್ದರೆ, ವಾರಕ್ಕೆ ಒಂದು ರಾತ್ರಿಯಾದರೂ ತಾಯಿಯು ಮಲಗುವಳು.

ಪ್ರಿಯರೇ, ಮುಂದೆ ರೋಗಿಯ ಮನೆಗೆ ಹೋದಾಗ ಅಂಗಳದಲ್ಲಿ ನಿಂತು ಪ್ರಯೋಜನದ ಲೆಕ್ಕ ಹಾಕಬೇಡಿರಿ. ಒಳಗೆ ಹೋಗಿರಿ, ಮಂಚದ ಹತ್ತಿರ ಕೂತುಕೊಳ್ಳಿರಿ, "ತಮ್ಮಾ, ಈ ರಾತ್ರಿ ನಾನು ಎಚ್ಚರವಾಗಿರುವೆನು, ನೀನು ಮಲಗು" ಎಂದು ಹೇಳಿರಿ.